ಎರಡು ಪಾರಿವಾಳದ ಮರಿಗಳ ಕಾಣಿಕೆ

(ಯೇಸುಬಾಲರ ಸಮರ್ಪಣೆಯ ಹಬ್ಬದಂದು ಯಲಿಯೂರಿನಲ್ಲಿ, ಹತ್ತನೆಯ ತರಗತಿ ಮುಗಿಸುತ್ತಿರುವ ಮಕ್ಕಳಿಗಾಗಿ ಅರ್ಪಿಸಿದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಕ್ರಿಸ್ತಜಯಂತಿಯಿಂದ ಎಣಿಸಿದರೆ ಇಂದಿಗೆ ನಲವತ್ತು ದಿನ. ಗೋದಲಿಯನ್ನು ಬಿಚ್ಚಿ ಕಟ್ಟಿಟ್ಟಾಗಿದೆ, ನಕ್ಷತ್ರದ ಬುಟ್ಟಿಗಳು ಅಟ್ಟ ಸೇರಿವೆ, ಹಬ್ಬದ ಕಜ್ಜಾಯದ ನೆನಪೂ ಮಾಸಿದೆ. ಆದರೆ ಧರ್ಮಸಭೆ ಮಾತ್ರ ಆ ಬಾಣಂತಿ ತಾಯಿಯನ್ನೂ ಮಗುವನ್ನೂ ಮರೆತಿಲ್ಲ. ನಲವತ್ತನೆಯ ದಿನ ಅವರನ್ನು ಹಿಂಬಾಲಿಸಿ ಜೆರುಸಲೇಮಿನ ಮಹಾದೇವಾಲಯಕ್ಕೆ ಹೋಗೋಣ ಬನ್ನಿ ಎಂದು ನಮ್ಮ ಕೈಗೆ ಮೇಣದ ಬತ್ತಿ ಕೊಟ್ಟು ಕರೆಯುತ್ತದೆ.

ಸಂತ ಲೂಕ ಬರೆದ ಇಂದಿನ ಶುಭಸಂದೇಶವನ್ನು ಗಮನವಿಟ್ಟು ಕೇಳಿದ್ದರೆ ಒಂದು ಸಣ್ಣ ವಿಷಯ ನಿಮ್ಮ ಕಿವಿಗೆ ಬಿದ್ದಿರಬೇಕು. ಜೋಸೆಫರೂ ಮಾತೆ ಮರಿಯಳೂ ದೇವಾಲಯಕ್ಕೆ ಏನನ್ನು ಒಯ್ದರು? ಹೆರಿಗೆಯಾದ ತಾಯಿ ಒಂದು ವರ್ಷದ ಕುರಿಮರಿಯನ್ನು ತರಬೇಕೆಂದು ಯಾಜಕಕಾಂಡದ 12ನೆಯ ಅಧ್ಯಾಯದಲ್ಲಿದೆ. ಕುರಿಮರಿ ತರುವ ಶಕ್ತಿ ಇಲ್ಲದವಳಿಗೆ ಮೋಶೆಯ ಧರ್ಮಶಾಸ್ತ್ರ ರಿಯಾಯಿತಿ ಕೊಟ್ಟಿತ್ತು: ಜೋಡಿ ಬೆಳವಕ್ಕಿಯನ್ನೋ ಎರಡು ಪಾರಿವಾಳದ ಮರಿಗಳನ್ನೋ ತಂದರೆ ಸಾಕು. ಸಂತ ಲೂಕ ಕುರಿಮರಿಯ ಮಾತನ್ನೇ ಎತ್ತುವುದಿಲ್ಲ, ಹಕ್ಕಿಗಳ ಮಾತನ್ನು ಮಾತ್ರ ಬರೆಯುತ್ತಾರೆ. ಬಡವರೆಂದು ಎಲ್ಲೂ ಬಾಯಿಬಿಟ್ಟು ಹೇಳದೆ, ಅವರ ಕೈಯಲ್ಲಿದ್ದುದನ್ನು ಹೇಳಿ ಸುಮ್ಮನಾಗುತ್ತಾರೆ.

ಈ ಹಬ್ಬದ ದಿನವೇ ನಮ್ಮ ಮಕ್ಕಳ ಬೀಳ್ಕೊಡುಗೆಯ ಬಲಿಪೂಜೆಯನ್ನು ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು. ಯಲಿಯೂರಿನಿಂದಲೂ ಸುತ್ತಲ ಹಳ್ಳಿಗಳಿಂದಲೂ ಸಿಸ್ಟರುಗಳ ಹೈಸ್ಕೂಲಿಗೆ ಮೂರು ವರ್ಷ ಹೋಗಿಬಂದ ಮಕ್ಕಳು ಮುಂದಿನ ಸಾಲುಗಳಲ್ಲಿ ಕುಳಿತಿದ್ದಾರೆ. ಅವರ ಹಿಂದೆ ಕುಳಿತಿರುವ ತಂದೆತಾಯಂದಿರ ಕೈಗಳಲ್ಲಿ ಏನಿತ್ತು ಎಂಬುದು ನಮಗೆ ಗೊತ್ತಿದೆ. ಈ ಭಾಗದಲ್ಲಿ ಶಾಲೆಯ ಫೀಸು ಒಂದೇ ಸಲಕ್ಕೆ ಬರುವುದಿಲ್ಲ. ಹಾಲಿನ ಬಟವಾಡೆ ಆದಾಗ ಸ್ವಲ್ಪ, ಕಬ್ಬು ಕಟಾವಾಗಿ ಹಣ ಕೈಗೆ ಬಂದರೆ ಸ್ವಲ್ಪ, ಬಾರದಿದ್ದರೆ ಸಂಘದಲ್ಲಿ ಸಾಲ. ತಾಯಿ ತೂಬಿನಕೆರೆಯ ಕಡೆ ಕಾರ್ಖಾನೆ ಕೆಲಸಕ್ಕೆ ಹೋಗುವ ಮನೆಯಾದರೆ ಸಂಬಳದ ದಿನ ಸ್ವಲ್ಪ. "ಸ್ವಾಮಿ, ಇನ್ನೊಂದ್ ಹದಿನೈದ್ ದಿನ ಸಿಸ್ಟರ್‌ಗೆ ಹೇಳಿ, ಕಟ್ಬುಡ್ತೀನಿ" ಎಂದು ಬಾಗಿಲಲ್ಲಿ ನಿಂತ ತಂದೆಯ ಮುಖವನ್ನು ಮಕ್ಕಳು ನೋಡಿರಲಾರರು. ಮಕ್ಕಳಿಗೆ ಕಾಣದಂತೆಯೇ ಅಂಥ ಮಾತುಗಳು ನಡೆಯುತ್ತವೆ. ಮಕ್ಕಳೇ, ನಿಮ್ಮ ಅಪ್ಪ ಅಮ್ಮ ತಂದದ್ದು ಆ ಎರಡು ಪಾರಿವಾಳದ ಮರಿಗಳೇ.

ಈಗ ನಿಮ್ಮ ಮೂರು ವರ್ಷಗಳ ಮಾತಿಗೆ ಬರೋಣ. ನೀವು ಎಂಟನೆಯ ತರಗತಿಗೆ ಕಾಲಿಟ್ಟದ್ದು 2023ರ ಬೇಸಿಗೆ ರಜೆಯ ನಂತರ. ಅದಕ್ಕೂ ಹಿಂದಿನದನ್ನು ಮರೆಯುವ ಹಾಗಿಲ್ಲ. ನೀವು ನಾಲ್ಕನೆಯ ತರಗತಿಯಲ್ಲಿದ್ದಾಗ, 2020ರ ಮಾರ್ಚಿಯಲ್ಲಿ, ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದವು. ಐದನೆಯ ತರಗತಿ ಎಂಬುದನ್ನು ನೀವು ಕೊಠಡಿಯೊಳಗೆ ಕುಳಿತು ಓದಲೇ ಇಲ್ಲ. ಮತ್ತೆ ಬೆಂಚಿನ ಮೇಲೆ ಕುಳಿತದ್ದು ಆರನೆಯ ತರಗತಿಯಲ್ಲಿ, 2021ರ ಸೆಪ್ಟೆಂಬರಿನಲ್ಲಿ. ನಿಮ್ಮ ಹಿಂದಿನ ಚಿಕ್ಕ ಮಕ್ಕಳು ಇನ್ನೂ ಕಾದು ಅಕ್ಟೋಬರ್ 25ರಂದು ಶಾಲೆ ಕಂಡರು. ಮನೆಗೊಂದೇ ಮೊಬೈಲು, ಅದೂ ಅಪ್ಪನ ಜೇಬಿನಲ್ಲಿ ಗದ್ದೆಗೆ ಹೋಗಿರುತ್ತಿದ್ದ ಕಾಲ ಅದು. ಎಂಟನೆಯ ತರಗತಿಗೆ ಬಂದಾಗ ನಿಮ್ಮಲ್ಲಿ ಕೆಲವರಿಗೆ ಒತ್ತಕ್ಷರ ತಡವರಿಸುತ್ತಿತ್ತು, ಭಾಗಾಕಾರ ಮರೆತಿತ್ತು. ಹೈಸ್ಕೂಲಿನ ಪಾಠ ಬಿಟ್ಟು ಸಂಜೆ ನಾಲ್ಕರ ಮೇಲೆ ಕಾಗುಣಿತ ಬರೆಸಿದ ಟೀಚರುಗಳನ್ನು ನೆನೆಯಿರಿ. ಅದಕ್ಕೆ ಅವರಿಗೆ ಯಾರೂ ಭತ್ಯೆ ಕೊಟ್ಟಿಲ್ಲ.

ಅದೇ 2023ರಲ್ಲಿ ಏನೆಲ್ಲ ಆಯಿತು! ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಹುಡುಗಿಯರು ಆಧಾರ್ ಕಾರ್ಡು ತೋರಿಸಿ ಹತ್ತಿದರೆ, ಹುಡುಗರು ಪಾಸು ಮನೆಯಲ್ಲಿ ಮರೆತು ಕಂಡಕ್ಟರರಿಂದ ಬೈಸಿಕೊಂಡರು. ಆ ವರ್ಷ ಮಳೆ ಕೈಕೊಟ್ಟಿತು, ಕನ್ನಂಬಾಡಿ ಕಟ್ಟೆ ತುಂಬಲಿಲ್ಲ, ಸೆಪ್ಟೆಂಬರಿನಲ್ಲಿ ಕಾವೇರಿಗಾಗಿ ಮಂಡ್ಯವೇ ಬೀದಿಗಿಳಿಯಿತು. ಬಂದ್ ಎಂದರೆ ರಜೆ ಎಂದು ಕುಣಿದಿರಿ ನೀವು. ನಾಲೆಯಲ್ಲಿ ನೀರಿಲ್ಲದ ಗದ್ದೆಯ ಬದುವಿನ ಮೇಲೆ ನಿಮ್ಮ ಅಪ್ಪಂದಿರು ನಿಂತಿದ್ದರು. ಒಂಬತ್ತನೆಯ ತರಗತಿಯಲ್ಲಿದ್ದಾಗ, 2024ರ ಡಿಸೆಂಬರಿನಲ್ಲಿ, 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮಂಡ್ಯಕ್ಕೆ ಬಂತು. ಗೋಷ್ಠಿಗಿಂತ ಊಟದ ಸಾಲನ್ನೇ ಹೆಚ್ಚು ನೆನಪಿಟ್ಟುಕೊಂಡವರು ನಿಮ್ಮಲ್ಲಿದ್ದೀರಿ, ಚಿಂತೆಯಿಲ್ಲ. ಹತ್ತನೆಯ ತರಗತಿ ಆರಂಭವಾದ 2025ರ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿತು. ಈ ಮೂರು ವರ್ಷಗಳ ನಡುವೆ ವಿಶ್ವಗುರು ಫ್ರಾನ್ಸಿಸ್‌ರವರು ದೈವಾಧೀನರಾಗಿ, ಹದಿನಾಲ್ಕನೆಯ ಲಿಯೋರವರು ಸಂತ ಪೇತ್ರರ ಪೀಠವನ್ನೇರಿದರು.

ಕಳೆದ ವಾರ ಈ ಮಕ್ಕಳಿಗೆಲ್ಲ ಒಂದೊಂದು ಹಾಳೆ ಕೊಟ್ಟು, ಈ ಮೂರು ವರ್ಷಗಳಲ್ಲಿ ನಿಮಗೆ ನೆನಪಿರುವುದನ್ನು ಬರೆಯಿರಿ, ಹೆಸರು ಹಾಕಬೇಡಿ ಎಂದಿದ್ದೆವು. ಕ್ರೈಸ್ತರಲ್ಲದ ಮಕ್ಕಳೂ ಬರೆದರು. ನಮ್ಮ ಶಾಲೆಗಳಲ್ಲಿ ಅವರೇ ಹೆಚ್ಚು, ಅದು ನಿಮಗೆ ಗೊತ್ತಿರುವುದೇ. ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಗೆ ಹೋಗುವಾಗ ಅವರು ನೀತಿಬೋಧೆಗೆ ಹೋಗುತ್ತಾರೆ, ಊಟದ ಡಬ್ಬಿ ತೆರೆದಾಗ ಮಾತ್ರ ಎಲ್ಲ ಒಂದೇ.

ಬಹಳ ಮಂದಿ ಬರೆದದ್ದು ಬಸ್ಸಿನ ವಿಷಯ, ಆಟದ ದಿನದ ವಿಷಯ, ಪ್ರವಾಸದಲ್ಲಿ ವಾಂತಿ ಮಾಡಿಕೊಂಡ ವಿಷಯ. ಒಬ್ಬರು, ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಬಾರಿಸಿದಾಗ ಗಣಿತದ ಪಾಠ ಅರ್ಧಕ್ಕೇ ನಿಂತು ದೇವದೂತನ ಜಪ ಹೇಳುತ್ತಿದ್ದುದು ತಮಗೆ ಬಹಳ ಇಷ್ಟ ಎಂದಿದ್ದಾರೆ. ಜಪ ಇಷ್ಟವೋ ಗಣಿತ ನಿಂತದ್ದು ಇಷ್ಟವೋ ತಿಳಿಯಲಿಲ್ಲ. ಒಬ್ಬ ಮುಸ್ಲಿಂ ಹುಡುಗ ಅಥವಾ ಹುಡುಗಿ, ರಂಜಾನ್ ತಿಂಗಳಲ್ಲಿ ತಾವು ಉಪವಾಸವಿದ್ದಾಗ ಬೆಂಚಿನ ಗೆಳೆಯರು ಹೊರಗೆ ಹೋಗಿ ಊಟ ಮಾಡಿ ಬರುತ್ತಿದ್ದರೆಂದು ಬರೆದಿದ್ದಾರೆ. ಹಾಗೆ ಮಾಡಿರೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಬ್ಬರು, ಕಿರುಪರೀಕ್ಷೆಯಲ್ಲಿ ಟೀಚರು ತಪ್ಪಾಗಿ ಕೂಡಿ ಐದು ಅಂಕ ಹೆಚ್ಚು ಕೊಟ್ಟಾಗ ಹಿಂದಿರುಗಿಸಿದ್ದನ್ನೂ, ಮನೆಯಲ್ಲಿ ಅದಕ್ಕೆ "ನಿಂಗೇನ್ ತಲೆ ಕೆಟ್ಟಿದ್ಯಾ" ಎಂದು ಬೈಸಿಕೊಂಡದ್ದನ್ನೂ ಬರೆದಿದ್ದಾರೆ. ಆ ಮನೆಯವರು ಇಲ್ಲೇ ಇದ್ದರೆ, ನಿಮ್ಮ ಮಗುವಿನ ತಲೆ ಚೆನ್ನಾಗಿಯೇ ಇದೆ.

ಆದರೆ ಒಂದು ಹಾಳೆ ನಮ್ಮನ್ನು ಸುಮ್ಮನಿರಲು ಬಿಡಲಿಲ್ಲ. ಅದರಲ್ಲಿದ್ದುದು ನಾಲ್ಕೇ ಸಾಲು. ಎಂಟನೆಯ ತರಗತಿಯ ಗುಂಪು ಫೋಟೋದಲ್ಲಿ ಇದ್ದ ಮೂವರು ಹತ್ತನೆಯ ತರಗತಿಯ ಫೋಟೋದಲ್ಲಿ ಇಲ್ಲ, ಅವರಲ್ಲೊಬ್ಬ ತನ್ನ ಪಕ್ಕದಲ್ಲೇ ಕೂರುತ್ತಿದ್ದವನು, ಅವನು ಹೋದ ಮೇಲೆ ಅವನ ಹೆಸರನ್ನು ಯಾರೂ ಎತ್ತಲಿಲ್ಲ, ಬೀಳ್ಕೊಡುಗೆಗೆ ಅವನನ್ನೂ ಕರೆಯಬಹುದೇ ಎಂದು ಆ ಮಗು ಕೇಳಿದೆ.

ಪ್ರಿಯರೇ, ಈ ಪ್ರಶ್ನೆಗೆ ಇಂದು ನಾವೆಲ್ಲ ಉತ್ತರ ಕೊಡಬೇಕಾಗಿದೆ. ಹೈಸ್ಕೂಲಿನಿಂದ ಮಕ್ಕಳು ಹೇಗೆ ಕಾಣೆಯಾಗುತ್ತಾರೆ? ತಂದೆ ತೀರಿಕೊಂಡರೆ, ಸಾಲ ಮೈಮೇಲೆ ಬಂದರೆ, ಹುಡುಗ ಗ್ಯಾರೇಜಿಗೋ ಆಲೆಮನೆಗೋ ಸೇರುತ್ತಾನೆ. ಹುಡುಗಿಗೆ ಸೋದರಮಾವನ ಮಗನನ್ನು ನೋಡುತ್ತಾರೆ. ಇದು ಬಡತನದ ದಾರಿ. ಇನ್ನೊಂದು ದಾರಿಯೂ ಇದೆ, ಅದನ್ನು ಹೇಳಲು ಸಂಕೋಚವಾದರೂ ಹೇಳಲೇಬೇಕು. ಶೇಕಡ ನೂರು ಫಲಿತಾಂಶದ ಫ್ಲೆಕ್ಸ್ ಹಾಕಿಸುವ ಆಸೆಗೆ, ಓದಿನಲ್ಲಿ ಹಿಂದೆ ಬಿದ್ದ ಮಗುವನ್ನು ಒಂಬತ್ತನೆಯ ತರಗತಿಯಲ್ಲೇ ಟಿ.ಸಿ. ಕೊಟ್ಟು ಕಳುಹಿಸುವ ಶಾಲೆಗಳು ನಾಡಿನಲ್ಲಿವೆ. ಯಾವುದೇ ಶಾಲೆಯ ಹೆಸರು ಹೇಳಿ ಬೆರಳು ತೋರಿಸುವುದು ನಮ್ಮ ಉದ್ದೇಶವಲ್ಲ. ಆದರೆ ಶಿಲುಬೆಯ ಗುರುತು ಹೊತ್ತ ಶಾಲೆಗೆ ಈ ರೋಗ ತಗಲಬಾರದು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋದ ಕುರಿಗಾಹಿಯ ಕಥೆಯನ್ನು ಧರ್ಮೋಪದೇಶದಲ್ಲಿ ಹೇಳಿಕೊಟ್ಟು, ಆಫೀಸಿನಲ್ಲಿ ಆ ಒಂದನ್ನು ಗೇಟಿನಾಚೆ ಕಳುಹಿಸಿದರೆ, ಮಕ್ಕಳು ಎರಡನೆಯದನ್ನೇ ಕಲಿಯುತ್ತಾರೆ. ಅವರು ದಡ್ಡರಲ್ಲ.

ಆ ಹಾಳೆಯ ಪ್ರಶ್ನೆಗೆ ಉತ್ತರ: ಕರೆಯಬಹುದು. ಕರೆದಿದ್ದೇವೆ. ಬಂದಿದ್ದಾನೋ ಇಲ್ಲವೋ ಎಂದು ತಿರುಗಿ ನೋಡಬೇಡಿ, ಅವನಿಗೆ ಮುಜುಗರವಾದೀತು. ಶಾಲೆ ಬಿಟ್ಟ ಮಗು ಖಾಸಗಿ ಅಭ್ಯರ್ಥಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟಬಹುದು. ಯಾವ ಮನೆಯಲ್ಲಾದರೂ ಅಂಥ ಮಗುವಿದ್ದರೆ ಮುಂದಿನ ವರ್ಷದ ಅರ್ಜಿಯನ್ನು ಧರ್ಮಕೇಂದ್ರದಲ್ಲೇ ತುಂಬಿಸಿ ಕೊಡುತ್ತೇವೆ. ಪಾಠ ಹೇಳಿಕೊಡಲು ನಮ್ಮ ಯುವಜನರಲ್ಲಿ ಪದವಿ ಓದಿದವರು ಇದ್ದಾರೆ, ಸಂಜೆ ಒಂದು ಗಂಟೆ ಅವರ ಮೊಬೈಲು ವಿಶ್ರಾಂತಿ ಪಡೆಯಲಿ.

ದೇವಾಲಯದಲ್ಲಿ ಮಗುವನ್ನು ಎತ್ತಿಕೊಂಡ ಸಿಮೆಯೋನ ಮಾತೆ ಮರಿಯಳಿಗೆ ಒಂದು ಕಠಿಣ ಮಾತನ್ನು ಹೇಳಿದರು. ಅವಳ ಹೃದಯವನ್ನು ಅಲಗೊಂದು ಇರಿಯಲಿದೆ ಎಂದು. ನಲವತ್ತು ದಿನದ ಬಾಣಂತಿಗೆ ಹೇಳುವ ಮಾತೇ ಅದು? ಆದರೆ ಮಕ್ಕಳನ್ನು ಹೆತ್ತವರಿಗೆ ಅದರ ಅರ್ಥ ವಿವರಿಸಬೇಕಾಗಿಲ್ಲ. ನಮ್ಮ ಪಕ್ಕದ ಪಾಂಡವಪುರ ತಾಲೂಕಿನ ಕನಗನಮರಡಿಯಲ್ಲಿ 2018ರ ನವೆಂಬರ್ 24ರಂದು ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಅಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನೀವು ಆಗ ಮೂರನೆಯ ತರಗತಿಯವರು. ಬಸ್ಸು ತಡವಾದಾಗ ನಿಮ್ಮ ತಾಯಂದಿರು ಏಕೆ ಅಷ್ಟು ಗಾಬರಿಯಾಗುತ್ತಿದ್ದರು, ಐದು ನಿಮಿಷಕ್ಕೊಮ್ಮೆ ಏಕೆ ಫೋನು ಮಾಡುತ್ತಿದ್ದರು ಎಂದು ನಿಮಗೆ ಸಿಟ್ಟು ಬಂದಿದ್ದರೆ, ಆ ನಾಲೆಯನ್ನು ನೆನೆಯಿರಿ. ಅಂದು ಅಗಲಿದವರಿಗಾಗಿ ಇಂದಿನ ಬಲಿಪೂಜೆಯಲ್ಲಿ ಪ್ರಾರ್ಥಿಸುತ್ತೇವೆ.

ಇನ್ನೊಂದು ಅಲಗಿನ ಮಾತು ಇದೆ. ಇದನ್ನು ಹಬ್ಬದ ದಿನ ಆಡಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಇಂದು ದೇವಾಲಯಕ್ಕೆ ತಂದದ್ದು ಚೊಚ್ಚಲ ಗಂಡುಮಗು. ಆದರೆ ಆ ಮಗುವನ್ನು ಕಂಡು ಊರಿಗೆಲ್ಲ ಸಾರಿದವಳು ಒಬ್ಬ ಹೆಂಗಸು, ಫನುವೇಲನ ಮಗಳು ಅನ್ನ, ಎಂಬತ್ತನಾಲ್ಕು ವರ್ಷದ ವಿಧವೆ. ಸಂತ ಲೂಕ ಅವಳನ್ನು ಪ್ರವಾದಿನಿ ಎಂದು ಕರೆಯುತ್ತಾರೆ. ಅವಳ ತಂದೆಯ ಹೆಸರು, ಅವಳ ಕುಲ, ಎಷ್ಟು ವರ್ಷ ಸಂಸಾರ ಮಾಡಿದಳು ಎಂಬುದನ್ನೆಲ್ಲ ಲೆಕ್ಕವಿಟ್ಟು ಬರೆಯುತ್ತಾರೆ. ಸಿಮೆಯೋನನ ವಯಸ್ಸನ್ನಾಗಲಿ ತಂದೆಯ ಹೆಸರನ್ನಾಗಲಿ ಬರೆದಿಲ್ಲ, ಗಮನಿಸಿ.

ಮಕ್ಕಳೇ, ನೀವು ಎಂಟನೆಯ ತರಗತಿಯಲ್ಲಿದ್ದ 2023ರ ನವೆಂಬರಿನಲ್ಲಿ ನಮ್ಮದೇ ಮಂಡ್ಯ ತಾಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು, ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡಿ ಹೇಳುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಹೆಣ್ಣೆಂದು ತಿಳಿದ ಮೇಲೆ ನೂರಾರು ಭ್ರೂಣಗಳನ್ನು ಕೊಲ್ಲಲಾಗಿತ್ತು ಎಂದು ತನಿಖೆಯ ವರದಿಗಳು ಬಂದವು. ಬೆಲ್ಲ ಮಾಡುವ ಜಾಗ ಅದು! ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚುವ ನಾಡಿನಲ್ಲಿ ಬೆಲ್ಲದ ಕೊಪ್ಪರಿಗೆಯ ಪಕ್ಕದಲ್ಲಿ ಇದು ನಡೆಯಿತು. ಆ ಯಂತ್ರದ ಮುಂದೆ ಹೋಗಿ ಕುಳಿತವರು ಬೇರೆ ದೇಶದವರಲ್ಲ. ಓದು ಬಾರದವರೇ ಹೋದರು ಎನ್ನುವಂತೆಯೂ ಇಲ್ಲ. ಹಣ ಇದ್ದವರೂ ಹೋಗಿದ್ದರು. ನಮ್ಮ ಶಾಲೆಗಳಲ್ಲಿ ಓದಿದವರು ಯಾರೂ ಹೋಗಿರಲಾರರು ಎಂದು ಹೇಳುವ ಧೈರ್ಯ ನಮಗಿಲ್ಲ.

ಇಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಹೆಣ್ಣುಮಕ್ಕಳೇ, ನಿಮ್ಮನ್ನು ಹೆತ್ತದ್ದಕ್ಕಾಗಿ, ಹೆತ್ತು ಹೈಸ್ಕೂಲಿನವರೆಗೆ ಓದಿಸಿದ್ದಕ್ಕಾಗಿ ನಿಮ್ಮ ತಾಯಂದಿರು ಮನೆಯೊಳಗೆ ಯಾವ ಮಾತುಗಳನ್ನು ಕೇಳಿದರೋ ನಿಮಗೆ ತಿಳಿಯದು. ಹಾಗೆಯೇ ಗಂಡುಮಕ್ಕಳೇ, ನಾಳೆ ನೀವು ತಂದೆಯಂದಿರಾಗುತ್ತೀರಿ. ಪರೀಕ್ಷೆಯಲ್ಲಿ ವಿಜ್ಞಾನದ ಪ್ರಶ್ನೆ ಬರುತ್ತದೆ, ಮಗುವಿನ ಲಿಂಗ ತೀರ್ಮಾನವಾಗುವುದು ತಂದೆಯ ವರ್ಣತಂತುವಿನಿಂದ ಎಂದು ಬರೆದು ಅಂಕ ಪಡೆಯುತ್ತೀರಿ. ಆ ಉತ್ತರವನ್ನು ಉತ್ತರಪತ್ರಿಕೆಯಲ್ಲೇ ಬಿಟ್ಟು ಬರಬೇಡಿ. ಅತ್ತೆ ಸೊಸೆಯನ್ನು ಹಂಗಿಸುವ ಮನೆಯಲ್ಲಿ ಎದ್ದು ನಿಂತು ಹೇಳಿ.

ಹೆಣ್ಣುಮಕ್ಕಳ ತಂದೆತಾಯಂದಿರಿಗೆ ಒಂದು ಮಾತು. ಹದಿನೆಂಟು ತುಂಬುವ ಮೊದಲು ಮಾಡಿದ ಮದುವೆಯನ್ನು ಕರ್ನಾಟಕದ 2016ರ ತಿದ್ದುಪಡಿ ಕಾಯಿದೆ ಆರಂಭದಿಂದಲೇ ಅಸಿಂಧು ಎನ್ನುತ್ತದೆ. ಯಾವ ಕಾರಣಕ್ಕೂ ಅಂಥ ಮದುವೆಗೆ ಈ ಪೀಠದ ಮುಂದೆ ಆಶೀರ್ವಾದ ಸಿಗುವುದಿಲ್ಲ. "ಒಳ್ಳೆ ಸಂಬಂಧ ಬಂದದೆ ಸ್ವಾಮಿ" ಎಂದು ಬರುವವರಿಗೆ ನಮ್ಮ ಉತ್ತರ ಒಂದೇ: ಪಿ.ಯು.ಸಿ.ಗೆ ಅರ್ಜಿ ತನ್ನಿ, ಮಾತಾಡೋಣ.

ಇಂದು ಸನ್ಯಾಸ ವ್ರತ ಸ್ವೀಕರಿಸಿದವರ ದಿನವೂ ಹೌದು. ಸಂತ ಎರಡನೆಯ ಜಾನ್ ಪೌಲರು 1997ರಿಂದ ಈ ಹಬ್ಬದ ದಿನವನ್ನು ಅವರಿಗಾಗಿ ಮೀಸಲಿಟ್ಟರು. ನಮ್ಮ ಸಿಸ್ಟರುಗಳನ್ನು ಹೊಗಳಿದರೆ ಅವರಿಗೆ ಹಿಡಿಸುವುದಿಲ್ಲ, ಆದುದರಿಂದ ಚುಟುಕಾಗಿ ಹೇಳುತ್ತೇವೆ. ಅವರಲ್ಲಿ ಹಲವರು ಕೇರಳದಿಂದ, ಮಂಗಳೂರಿನ ಕಡೆಯಿಂದ ಬಂದು, ಕನ್ನಡವನ್ನು ಇಲ್ಲೇ ಕಲಿತು, ನಮ್ಮ ಮಕ್ಕಳ "ಅಂಗಲ್ಲ ಕಣಿ", "ಯಾಕ್ಲಾ" ಎಂಬ ಮಾತುಗಳಿಗೆ ಕಿವಿ ಒಗ್ಗಿಸಿಕೊಂಡವರು. ಮೊದಲ ವರ್ಷ ಮಕ್ಕಳು ಅವರ ಉಚ್ಚಾರಣೆಗೆ ನಕ್ಕಿರಬಹುದು. ಎರಡನೆಯ ವರ್ಷ ಅವರೇ ಮಕ್ಕಳ ಕಾಗುಣಿತ ತಿದ್ದಿದರು.

ಇದು ಈ ನೆಲಕ್ಕೆ ಹೊಸದೇನಲ್ಲ. ನಮ್ಮಿಂದ ಕೂಗಳತೆಯಲ್ಲಿರುವ ಶ್ರೀರಂಗಪಟ್ಟಣಕ್ಕೆ 17ನೆಯ ಶತಮಾನದ ನಡುವಿನಲ್ಲಿ ಬಂದ ಯೇಸುಸಭೆಯ ಇಟಲಿಯ ಗುರು ಲಿಯೊನಾರ್ಡೊ ಚಿನ್ನಮಿಯವರು ಮೊದಲು ಕುಳಿತು ಕನ್ನಡ ಕಲಿತರು, ಅನಂತರ ಕನ್ನಡ ವ್ಯಾಕರಣವನ್ನೂ ಶಬ್ದಕೋಶವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಸಿದ್ಧಪಡಿಸಿದರು. 1799ರಲ್ಲಿ ಟಿಪ್ಪುವಿನ ಪತನದ ನಂತರ ಅದೇ ಶ್ರೀರಂಗಪಟ್ಟಣಕ್ಕೆ ಬಂದ ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು, ಸಿಡುಬಿಗೆ ಲಸಿಕೆ ಹಾಕಿಸಲು ಹಳ್ಳಿಗಳಲ್ಲಿ ಶ್ರಮಿಸಿದರು. 1854ರಲ್ಲಿ ಗುಡ್ ಶೆಫರ್ಡ್ ಸಭೆಯ ಸಿಸ್ಟರುಗಳು ಬೆಂಗಳೂರಿಗೆ ಬಂದರು. 1858ರಲ್ಲಿ ಅಲ್ಲಿಯೇ ಸಂತ ಜೋಸೆಫರ ಶಾಲೆ ಆರಂಭವಾಯಿತು. 1940ರಲ್ಲಿ ಬೆಂಗಳೂರು, ಮೈಸೂರು ಬೇರೆಬೇರೆ ಧರ್ಮಪ್ರಾಂತ್ಯಗಳಾದ ಮೇಲೆ, 1946ರಲ್ಲಿ ಮೈಸೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಬಂತು. ಕಲಿಸಲು ಬಂದವರೆಲ್ಲ ಮೊದಲು ಇಲ್ಲಿಯ ವಿದ್ಯಾರ್ಥಿಗಳಾದರು. ಇಂಗ್ಲಿಷು ಬಂದ ತಕ್ಷಣ ಅಜ್ಜಿಯ ಮಾತಿಗೆ ಮೂಗು ಮುರಿಯುವ ಮಕ್ಕಳು ಇದನ್ನು ಸ್ವಲ್ಪ ಯೋಚಿಸಬೇಕು.

ಸಿಸ್ಟರುಗಳ ಸಂಖ್ಯೆ ಕಡಿಮೆಯಾಗುತ್ತಿರುವುದು ನಿಮ್ಮ ಕಣ್ಣಿಗೂ ಬಿದ್ದಿದೆ. ಹಿಂದೆ ಅವರೇ ಪಾಠ ಹೇಳುತ್ತಿದ್ದ ತರಗತಿಗಳಲ್ಲಿ ಇಂದು ಪಾಠ ಹೇಳುತ್ತಿರುವವರು ನಮ್ಮ ಊರುಗಳ ಗೃಹಸ್ಥ ಶಿಕ್ಷಕರು. ಅವರ ಸಂಬಳ ದೊಡ್ಡದಲ್ಲ, ಆದರೂ ಬಿಟ್ಟುಹೋಗಿಲ್ಲ. ಈ ಮಕ್ಕಳಲ್ಲಿ ಒಬ್ಬಳಿಗೋ ಒಬ್ಬನಿಗೋ ದೇವರ ಕರೆ ಕೇಳಿಸಿದರೆ, ಹೆತ್ತವರು ಅಡ್ಡ ಬರಬೇಡಿ ಎಂದಷ್ಟೇ ನಮ್ಮ ಕೋರಿಕೆ.

ಇನ್ನು ಪರೀಕ್ಷೆ. ಆ ಮಾತು ಬರಲೆಂದೇ ಮಕ್ಕಳು ಕಾಯುತ್ತಿದ್ದಾರೆ, ಅಥವಾ ಬಾರದಿರಲಿ ಎಂದು. 2023ರಲ್ಲಿ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡ 83.89 ಇತ್ತು, ನಮ್ಮ ಮಂಡ್ಯ ಜಿಲ್ಲೆ ಶೇಕಡ 96.74 ಪಡೆದು ರಾಜ್ಯಕ್ಕೆ ಎರಡನೆಯದಾಗಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಕೃಪಾಂಕವನ್ನು ಹೆಚ್ಚಿಸಿ ಕೊಟ್ಟರೂ ರಾಜ್ಯದ ಫಲಿತಾಂಶ ಶೇಕಡ 73.40ಕ್ಕೆ ಇಳಿಯಿತು. ಹಿಂದಿನ ವರ್ಷದ ಮಕ್ಕಳೆಲ್ಲ ಕಾಪಿ ಹೊಡೆದರೆಂದು ನಾವು ಹೇಳುತ್ತಿಲ್ಲ, ಹಾಗೆ ಹೇಳುವುದು ಕಷ್ಟಪಟ್ಟು ಓದಿದವರಿಗೆ ಮಾಡುವ ಅನ್ಯಾಯ. ಆದರೆ ಕ್ಯಾಮೆರಾ ಬರುವವರೆಗೆ ಕೊಠಡಿಯಲ್ಲಿ ನೋಡುವವರು ಯಾರೂ ಇಲ್ಲವೆಂದು ಭಾವಿಸಿದ್ದವರು ಒಂದಿಷ್ಟು ಜನ ಇದ್ದರೆಂದು ಆ ಅಂಕಿಗಳಿಂದ ತಿಳಿಯುತ್ತದೆ. ಐದು ಅಂಕ ಹಿಂದಿರುಗಿಸಿದ ಮಗುವಿಗೆ ಕ್ಯಾಮೆರಾ ಬೇಕಾಗಿರಲಿಲ್ಲ.

ಈಗ 625ಕ್ಕೆ 206 ಬಂದರೆ ತೇರ್ಗಡೆ ಎಂದು ಸರ್ಕಾರ ನಿಯಮ ಸಡಿಲಿಸಿದೆ, ಪ್ರತಿ ವಿಷಯದಲ್ಲೂ ಶೇಕಡ 30 ಬಂದಿರಬೇಕು. ಇದನ್ನು ಕೇಳಿ ಪುಸ್ತಕ ಮುಚ್ಚಿದವರು ಇದ್ದರೆ ಇಂದು ರಾತ್ರಿ ಮತ್ತೆ ತೆರೆಯಿರಿ. ಮೊದಲ ಪರೀಕ್ಷೆಯಲ್ಲಿ ಸೋತವರಿಗೆ ಅದೇ ವರ್ಷ ಎರಡನೆಯದೂ ಇದೆ. ಫಲಿತಾಂಶದ ದಿನ ಮಗು ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ, ಹೆತ್ತವರೇ, ಪಕ್ಕದ ಮನೆಯವನ ಅಂಕ ಕೇಳಲು ಹೋಗಬೇಡಿ, ಮೊದಲು ಆ ಬಾಗಿಲು ತಟ್ಟಿ ಊಟಕ್ಕೆ ಕರೆಯಿರಿ. ಅಂಕಪಟ್ಟಿಗೆ ಹೆದರಿ ಪ್ರಾಣ ಕಳೆದುಕೊಂಡ ಮಕ್ಕಳ ಸುದ್ದಿಯನ್ನು ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ. ಅಂಥ ಒಂದು ಮನೆ ನಮ್ಮ ನಡುವೆ ಆಗಬಾರದು.

ಕಳೆದ ಸೆಪ್ಟೆಂಬರ್ 7ರಂದು, ಅಂದರೆ 2025ರಲ್ಲಿ, ಲಿಯೋ ವಿಶ್ವಗುರುಗಳು ಕಾರ್ಲೊ ಅಕ್ಯುಟಿಸ್ ಎಂಬ ಹುಡುಗನನ್ನು ಸಂತರ ಪಟ್ಟಿಗೆ ಸೇರಿಸಿದರು. ಇಟಲಿಯ ಮಿಲಾನ್ ನಗರದಲ್ಲಿ ಯೇಸುಸಭೆಯವರ ಹೈಸ್ಕೂಲಿನಲ್ಲಿ ಓದುತ್ತಿದ್ದವನು. ನಿಮ್ಮಂತೆ ಜೀನ್ಸು, ಕ್ಯಾನ್ವಾಸ್ ಶೂ, ಕಂಪ್ಯೂಟರಿನ ಹುಚ್ಚು. ಪರಮಪ್ರಸಾದದ ಪವಾಡಗಳ ಮಾಹಿತಿಯನ್ನು ಒಂದೆಡೆ ಸೇರಿಸಿ ಕಂಪ್ಯೂಟರಿನಲ್ಲಿ ಎಲ್ಲರಿಗೂ ದೊರೆಯುವಂತೆ ಮಾಡಿದ. ತರಗತಿಯಲ್ಲಿ ಎಲ್ಲರೂ ಗೇಲಿ ಮಾಡುವವರ ಪಕ್ಷ ವಹಿಸುತ್ತಿದ್ದ. 2006ರ ಅಕ್ಟೋಬರ್ 12ರಂದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ ಹದಿನೈದು ವರ್ಷ. ನಿಮಗೂ ಈಗ ಹದಿನೈದೋ ಹದಿನಾರೋ. ಅವನಿಗೆ ಹೈಸ್ಕೂಲು ಮುಗಿಸಲಾಗಲಿಲ್ಲ, ಅಂಕಪಟ್ಟಿ ಬರಲಿಲ್ಲ. ಶಾಲೆ ಬಿಟ್ಟುಹೋದ ಗೆಳೆಯನಿಗಾಗಿ ನಾಲ್ಕು ಸಾಲು ಬರೆದ ಮಗು ಈ ಸಂತನ ಹೆಸರಿನಲ್ಲಿ ಪ್ರಾರ್ಥಿಸಲಿ, ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ.

ಸಿಮೆಯೋನ ಮುದುಕ ಮಗುವನ್ನು ಎಷ್ಟು ಹೊತ್ತು ಎತ್ತಿಕೊಂಡಿದ್ದನೋ ಶುಭಸಂದೇಶದಲ್ಲಿಲ್ಲ. ಎತ್ತಿಕೊಂಡ, ಹರಸಿದ, ತಾಯಿಯ ಕೈಗೆ ಹಿಂದಿರುಗಿಸಿದ. ಇನ್ನು ನನ್ನನ್ನು ಸಮಾಧಾನದಿಂದ ಕಳುಹಿಸಿಕೊಡು ಎಂದು ದೇವರಲ್ಲಿ ಬೇಡಿದ. ಆ ಮಗು ದೊಡ್ಡದಾಗುವುದನ್ನು ನೋಡಲು ಅವನು ಇರಲಿಲ್ಲ. ಶಿಕ್ಷಕರ ಕಥೆಯೂ ಹಾಗೆಯೇ ಇದೆ. ಮೂರು ವರ್ಷ ಎತ್ತಿಕೊಂಡಿರುತ್ತಾರೆ, ಜೂನ್ ಬಂದರೆ ಎಂಟನೆಯ ತರಗತಿಗೆ ಮತ್ತೊಂದು ಗುಂಪು ಬಂದು ಕುಳಿತಿರುತ್ತದೆ. ಹೋದವರಲ್ಲಿ ಒಬ್ಬರು ದೀಪಾವಳಿಗೋ ಕ್ರಿಸ್ಮಸಿಗೋ ಗೇಟಿನ ಬಳಿ ಬಂದು "ಟೀಚರ್, ನೆನಪಿದೆಯಾ" ಎಂದರೆ ಅವರಿಗೆ ಅದು ಆ ವರ್ಷದ ಹಬ್ಬ.

ಈಗ ನಿಮ್ಮ ಪೆನ್ನುಗಳನ್ನೂ ಮೇಣದ ಬತ್ತಿಗಳನ್ನೂ ಮಂತ್ರಿಸಿ ಕೊಡುತ್ತೇವೆ. ಪೆನ್ನು ಮಂತ್ರಿಸಿದ ಮಾತ್ರಕ್ಕೆ ಓದದ ಉತ್ತರ ತಾನಾಗಿ ಬರೆದುಕೊಳ್ಳುವುದಿಲ್ಲ, ಅದನ್ನು ಪ್ರತಿ ವರ್ಷದಂತೆ ಈ ವರ್ಷವೂ ಹೇಳಿದ್ದೇವೆ. ಮಕ್ಕಳು ಒಬ್ಬೊಬ್ಬರೇ ಮುಂದೆ ಬರುವಾಗ ಜೊತೆಗೆ ತಂದೆಯೋ ತಾಯಿಯೋ ಬರಲಿ, ಇಬ್ಬರೂ ಇಲ್ಲದವರ ಜೊತೆ ಜ್ಞಾನಪಿತ ಬರಲಿ. ಬತ್ತಿಯನ್ನು ಹೆತ್ತವರು ಹೊತ್ತಿಸಿ ಮಕ್ಕಳ ಕೈಗೆ ಕೊಡಿ. ಕ್ರೈಸ್ತರಲ್ಲದ ಮಕ್ಕಳೂ ಅವರ ಮನೆಯವರೂ ಇಷ್ಟವಿದ್ದರೆ ಬನ್ನಿ, ಸಂಕೋಚ ಬೇಡ. ಹೊರಗೆ ಗಾಳಿ ಇದೆ, ಕೈ ಮರೆಮಾಡಿ ಹಿಡಿಯಿರಿ. ಮತ್ತೆ, ಹಿಂದಿನ ಬಾಗಿಲ ಬಳಿ ನಿಂತಿರುವ ಹುಡುಗ, ನಿನ್ನ ಬತ್ತಿಯೂ ಇಲ್ಲಿದೆ, ಬಾ.